ಆಪರೇಷನ್ ಮುಗಿದ ಮೇಲಿನ ಮೂರು ತಾಸು

ಗ್ರೇಟ್ ಡೇನ್, ಡಾಬರ್‌ಮನ್‌ನಂಥ ದೊಡ್ಡ ನಾಯಿ ಸಾಕಿದವರು ಆಪರೇಷನ್‌ಗೆ ಒಪ್ಪಿದರೂ ಅರಿವಳಿಕೆ ಎಂದ ಕೂಡಲೇ ಅಳುಕುತ್ತಾರೆ. 'ಮತ್ತೆ ಏಳುತ್ತೆ ಅಲ್ವಾ ಡಾಕ್ಟ್ರೇ?' ಎಂಬುದೇ ಮೊದಲ ಪ್ರಶ್ನೆ. ಬ್ರಿಟನ್ನಿನಲ್ಲಿ 2002ರಿಂದ 2004ರವರೆಗೆ 98 ಸಾವಿರಕ್ಕೂ ಹೆಚ್ಚು ನಾಯಿಗಳನ್ನು ಗಮನಿಸಿದ ಅಧ್ಯಯನವೊಂದಿದೆ. ಆರೋಗ್ಯವಾಗಿದ್ದವುಗಳಲ್ಲಿ ಅರಿವಳಿಕೆಯಿಂದ ಸತ್ತದ್ದು ಸುಮಾರು ಎರಡು ಸಾವಿರಕ್ಕೆ ಒಂದು. ಕಾಯಿಲೆಯಿದ್ದವುಗಳಲ್ಲಿ ಸುಮಾರು 75ಕ್ಕೆ ಒಂದು. ಇದಕ್ಕಿಂತ ಮುಖ್ಯವಾದ ಸಂಗತಿಯೊಂದು ಅದರಲ್ಲಿದೆ: ಸತ್ತವುಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಪ್ರಾಣ ಬಿಟ್ಟದ್ದು ಎಲ್ಲ ಮುಗಿದ ಮೇಲೆ, ಅದೂ ಬಹುಪಾಲು ಮೊದಲ ಮೂರು ತಾಸಿನೊಳಗೆ.

ಹೊಲಿಗೆ ಬಿದ್ದ ಮೇಲೆ ಎಲ್ಲರೂ ನಿರಾಳವಾಗುತ್ತಾರೆ. ಅಪಾಯ ಇರುವುದೇ ಅಲ್ಲಿ. ಉಸಿರಾಟಕ್ಕೆಂದು ಗಂಟಲಿಗೆ ಇಳಿಸಿದ ನಳಿಕೆಯನ್ನು ನಾಯಿ ತಾನಾಗಿ ಎಂಜಲು ನುಂಗುವ ತನಕ ತೆಗೆಯುವಂತಿಲ್ಲ. ತೆಗೆದ ಮೇಲೂ ಕುತ್ತಿಗೆ ನೀಳವಾಗಿಸಿ, ನಾಲಿಗೆ ಮುಂದಕ್ಕೆಳೆದು, ಒಬ್ಬರು ಪಕ್ಕದಲ್ಲೇ ಕೂತಿರಬೇಕು. ಒಸಡನ್ನು ಬೆರಳಿನಿಂದ ಒತ್ತಿ ಬಿಟ್ಟರೆ ಬಿಳಚಿದ ಜಾಗಕ್ಕೆ ಎರಡು ಸೆಕೆಂಡಿನೊಳಗೆ ಕೆಂಪು ಮರಳಬೇಕು.

ಈ ಎಚ್ಚರ ಆಪರೇಷನ್‌ಗೆ ಮೊದಲೇ ಶುರುವಾಗಬೇಕು. ಮೈ ದೊಡ್ಡದು ಎಂದು ಮಂಪರಿನ ಔಷಧವನ್ನು ಅದೇ ಲೆಕ್ಕದಲ್ಲಿ ಏರಿಸುವ ಹಾಗಿಲ್ಲ. ದೈತ್ಯ ತಳಿಗಳಿಗೆ ಕಿಲೋಗೆ ಬೇಕಾಗುವ ಪ್ರಮಾಣ ಸಾಮಾನ್ಯವಾಗಿ ಕಡಿಮೆಯೇ. ಆದ್ದರಿಂದ ಅಂದಾಜು ಬೇಡ, ತಕ್ಕಡಿಯ ಮೇಲೆಯೇ ತೂಗಿಸಿ. ಡಾಬರ್‌ಮನ್‌ಗಳಲ್ಲಿ ಹೃದಯದ ಸ್ನಾಯು ಸೊರಗುವ ಕಾಯಿಲೆ ಹೊರಗೆ ಕಾಣಿಸದೆ ವರ್ಷಗಟ್ಟಲೆ ಇರಬಹುದು, ಇಸಿಜಿ ಮತ್ತು ಎಕೋ ಮಾಡಿಸದೆ ಮುಂದುವರಿಯಬಾರದು. ಗ್ರೇಹೌಂಡ್‌ಗಳದು ಬೇರೆಯೇ ಕಥೆ. ಮೈಯಲ್ಲಿ ಕೊಬ್ಬು ಕಡಿಮೆ, ಯಕೃತ್ತು ಕೆಲವು ಔಷಧಗಳನ್ನು ನಿಧಾನವಾಗಿ ಕರಗಿಸುತ್ತದೆ. ಹಾಗಾಗಿ ಥಯೋಪೆಂಟಾಲ್ ಎಂಬ ಅರಿವಳಿಕೆ ಔಷಧ ಕೊಟ್ಟರೆ ತಾಸುಗಟ್ಟಲೆ ಏಳುವುದಿಲ್ಲ. ನಮ್ಮ ಮುಧೋಳ ನಾಯಿಯೂ ಅದೇ ಮೈಕಟ್ಟಿನ ಬೇಟೆನಾಯಿ. ಯಾವ ಔಷಧ ಕೊಡುತ್ತೀರಿ ಎಂದು ಮೊದಲೇ ಕೇಳುವುದು ಒಳ್ಳೆಯದು. ಇಂಥ ನಾಯಿಗಳಲ್ಲಿ ಥಯೋಪೆಂಟಾಲ್‌ಗಿಂತ ಪ್ರೊಪೊಫಾಲ್‌ನ ಮಂಪರು ಬೇಗ ಇಳಿಯುತ್ತದೆ.

ಐವತ್ತು ಕಿಲೋದ ನಾಯಿಯನ್ನು ತೂರಾಡುತ್ತಿರುವಾಗಲೇ ಕಾರಿಗೆ ಹತ್ತಿಸಿ ಮನೆಗೆ ಒಯ್ಯುವ ಅವಸರ ಬೇಡ. ತಾನಾಗಿ ಎದ್ದು ನಿಂತು ನಾಲ್ಕು ಹೆಜ್ಜೆ ಹಾಕಲಿ. ರಾತ್ರಿ ಮನೆಯವರೊಬ್ಬರು ಅದರ ಪಕ್ಕದಲ್ಲೇ ಮಲಗಲಿ. ಒಸಡು ಬಿಳಚಿದರೆ, ಉಸಿರಾಟ ಏರುಪೇರಾದರೆ ಬೆಳಗಾಗುವ ತನಕ ಕಾಯದೆ ವೈದ್ಯರಿಗೆ ಫೋನ್ ಮಾಡಿ.