ಸಂಕಟದ ಮನೆಗೆ ಶರಣರು ತೋರಿದ ದಾರಿ



ಮನೆಯ ಹಿರಿಯರ ಅಗಲಿಕೆ, ಕೈಗೆ ಬಂದ ಬೆಳೆಯ ನಾಶ, ವಾಸಿಯಾಗದ ಕಾಯಿಲೆ, ತೀರದ ಸಾಲ. ಇಂಥ ಸಂಕಟ ಎರಗಿದಾಗ ಮೊದಲು ಹುಟ್ಟುವ ಪ್ರಶ್ನೆ, ‘ನಾವು ಯಾವ ಪಾಪ ಮಾಡಿದ್ದೆವು?’ ಎಂಬುದು. ಅದಕ್ಕೆ ಉತ್ತರ ಹೇಳಲು ಹಲವರು ಸಿದ್ಧರಿರುತ್ತಾರೆ. ಒಬ್ಬರು ಗ್ರಹಗತಿಯೆನ್ನುತ್ತಾರೆ, ಇನ್ನೊಬ್ಬರು ವಾಸ್ತುದೋಷವೆನ್ನುತ್ತಾರೆ, ಮತ್ತೊಬ್ಬರು ಹೊಸದಾಗಿ ಬಂದ ಸೊಸೆಯ ಕಾಲ್ಗುಣವೆನ್ನುತ್ತಾರೆ. ಹೀಗೆ ನೊಂದವರ ತಲೆಯ ಮೇಲೆ ಅಪರಾಧದ ಹೊರೆ ಬೀಳುತ್ತದೆ. ಪರಿಹಾರದ ಹೆಸರಿನಲ್ಲಿ ಹೊಸ ಸಾಲವೂ ಏರುತ್ತದೆ.

ಹನ್ನೆರಡನೆಯ ಶತಮಾನದ ಶರಣರು ಈ ಬಗೆಯ ಉತ್ತರಗಳನ್ನು ಒಪ್ಪಲಿಲ್ಲ. ಮುಹೂರ್ತ, ಶಕುನ, ರಾಶಿಫಲಗಳ ಭಯದಿಂದ ಜನರನ್ನು ಬಿಡಿಸಿದರು. ಜನನ, ಮರಣ, ರಜಸ್ಸು, ಎಂಜಲು, ಜಾತಿ ಎಂಬ ಪಂಚಸೂತಕಗಳನ್ನು ಲಿಂಗವಂತರಿಗೆ ಇಲ್ಲವೆಂದರು. ಇವುಗಳಲ್ಲಿ ಮರಣಸೂತಕದ ನಿರಾಕರಣೆಯನ್ನು ನಾವು ವಿಶೇಷವಾಗಿ ಮನನ ಮಾಡಬೇಕು. ಸಾವು ಸಂಭವಿಸಿದ ಮನೆ ಮೈಲಿಗೆಯ ಮನೆಯಲ್ಲ. ಅಲ್ಲಿ ಲಿಂಗಪೂಜೆ ನಿಲ್ಲಬೇಕಿಲ್ಲ, ಅಲ್ಲಿಗೆ ಹೋಗಲು, ಅಲ್ಲಿ ಉಣ್ಣಲು ಯಾರೂ ಅಂಜಬೇಕಿಲ್ಲ. ಅಗಲಿದವರನ್ನು ನಾವು ಲಿಂಗೈಕ್ಯರೆನ್ನುತ್ತೇವೆ. ಅವರ ಕರದಲ್ಲಿ ಇಷ್ಟಲಿಂಗವನ್ನಿರಿಸಿ, ವಿಭೂತಿ ಧರಿಸಿ, ಕುಳಿತ ಭಂಗಿಯಲ್ಲಿ ಸಮಾಧಿಗೊಳಿಸುತ್ತೇವೆ. ಈ ಆಚರಣೆಯಲ್ಲಿ ಮರಣವೆಂದರೆ ದಂಡನೆಯಲ್ಲ, ಕೂಡುವಿಕೆ ಎಂಬ ಅರಿವಿದೆ.

ಹಾಗೆಂದು ದುಃಖವೇ ಇಲ್ಲವೆಂದು ಶರಣರು ಹೇಳಲಿಲ್ಲ. ದುಃಖದಲ್ಲಿರುವವನಿಗೆ ಹಿಡಿಯಲು ಮೂರು ಆಸರೆಗಳನ್ನು ಕೊಟ್ಟರು: ಲಿಂಗ, ಕಾಯಕ, ಸಂಗ.

ಮೊದಲನೆಯದು ಇಷ್ಟಲಿಂಗ. ದೇವರನ್ನು ಕಾಣಲು ದೂರದ ಕ್ಷೇತ್ರಕ್ಕೆ ಹೋಗುವ ಶಕ್ತಿ ನೊಂದವನಿಗೆ ಇರದಿರಬಹುದು. ಆತನ ದೇವರು ಆತನ ಎದೆಯ ಮೇಲೆಯೇ ಇದ್ದಾನೆ. ಎಡ ಅಂಗೈಯಲ್ಲಿ ಲಿಂಗವನ್ನಿರಿಸಿಕೊಂಡು ದೃಷ್ಟಿಯನ್ನು ಅಲ್ಲಿಯೇ ನೆಟ್ಟು ಕೆಲಹೊತ್ತು ಕುಳಿತರೆ, ಚದುರಿದ ಮನಸ್ಸಿಗೆ ಒಂದು ನೆಲೆ ದೊರೆಯುತ್ತದೆ. ಷಟ್‌ಸ್ಥಲ ಸಿದ್ಧಾಂತದಲ್ಲಿ ಭಕ್ತಸ್ಥಲದ ಭಕ್ತಿಯನ್ನು ಶ್ರದ್ಧಾಭಕ್ತಿಯೆಂದೂ ಮಹೇಶ್ವರಸ್ಥಲದ ಭಕ್ತಿಯನ್ನು ನಿಷ್ಠಾಭಕ್ತಿಯೆಂದೂ ಕರೆಯುತ್ತಾರೆ. ಸುಖದ ದಿನಗಳಲ್ಲಿ ಶ್ರದ್ಧೆ ಸುಲಭ. ಅದು ನಿಷ್ಠೆಯಾಗಿ ಗಟ್ಟಿಗೊಳ್ಳುವುದು ಕಷ್ಟದ ದಿನಗಳಲ್ಲಿ. ಕಣ್ಣೀರಿನೊಡನೆ ಮಾಡಿದ ಪೂಜೆಯೂ ಪೂಜೆಯೇ. ಮನಸ್ಸು ನಿಲ್ಲಲಿಲ್ಲವೆಂದು ಅದನ್ನು ಬಿಡಬಾರದು.

ಎರಡನೆಯದು ಕಾಯಕ. ಆಯ್ದಕ್ಕಿ ಮಾರಯ್ಯನವರು ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವ ಕಾಯಕದವರು. ಅನುಭಾವದ ಮಾತಿನಲ್ಲಿ ಮೈಮರೆತಿದ್ದ ಅವರನ್ನು ಎಚ್ಚರಿಸಿ ಕಾಯಕಕ್ಕೆ ಕಳುಹಿಸಿದವರು ಪತ್ನಿ ಲಕ್ಕಮ್ಮನವರು. ದಿನದ ಅಗತ್ಯಕ್ಕಿಂತ ಹೆಚ್ಚು ತಂದಾಗ ಅದನ್ನು ಮರಳಿ ಒಪ್ಪಿಸಿ ಬರುವಂತೆ ಹೇಳಿದವರೂ ಅವರೇ. ಈ ಪ್ರಸಂಗದಲ್ಲಿ ನೊಂದವರಿಗೂ ಒಂದು ಪಾಠವಿದೆ. ನಾಳೆಯ ಚಿಂತೆಯನ್ನೆಲ್ಲ ಇಂದೇ ಹೊರಬೇಕಿಲ್ಲ. ಇಂದಿನ ಕೆಲಸವನ್ನು ಇಂದು ಮಾಡಿದರೆ ಸಾಕು. ಹಸುವಿಗೆ ಮೇವು ಹಾಕುವುದು, ಅಂಗಡಿಯ ಬಾಗಿಲು ತೆರೆಯುವುದು, ಮಕ್ಕಳನ್ನು ಶಾಲೆಗೆ ಸಿದ್ಧಗೊಳಿಸುವುದು, ಇವೆಲ್ಲ ಬದುಕಿಗೆ ಮರಳುವ ಮೆಟ್ಟಿಲುಗಳೇ.

ಮೂರನೆಯದು ಸಂಗ. ಶರಣರು ಒಬ್ಬೊಬ್ಬರೇ ಗುಹೆ ಸೇರಿ ಸಾಧನೆ ಮಾಡಿದವರಲ್ಲ. ಅನುಭವ ಮಂಟಪದಲ್ಲಿ ಕೂಡಿ ಕುಳಿತು ತಮ್ಮ ಸಂದೇಹ, ಸಂಕಟಗಳನ್ನು ಬಾಯಿಬಿಟ್ಟು ಹೇಳಿಕೊಂಡವರು. ದುಡಿದುದನ್ನು ದಾಸೋಹದಲ್ಲಿ ಹಂಚಿಕೊಂಡವರು. ಸಾಲದಲ್ಲಿ ಮುಳುಗಿದ ರೈತನಾಗಲಿ, ಪತಿಯನ್ನು ಕಳೆದುಕೊಂಡ ತಾಯಿಯಾಗಲಿ ಹೆಚ್ಚಾಗಿ ಕುಗ್ಗುವುದು ತನ್ನ ಮಾತನ್ನು ಕೇಳುವವರಿಲ್ಲದಾಗ. ಆದ್ದರಿಂದ ಸಂಗವೆಂಬುದು ನೊಂದವರು ಹುಡುಕಿಕೊಂಡು ಹೋಗಬೇಕಾದ ವಸ್ತುವಲ್ಲ. ಅದು ಉಳಿದವರು ಅವರ ಮನೆಬಾಗಿಲಿಗೆ ಒಯ್ಯಬೇಕಾದ ದಾಸೋಹ.

ಈ ಮೂರರ ಬಲವನ್ನು ನಮ್ಮ ಸಮಾಜದ ಚರಿತ್ರೆಯೇ ಹೇಳುತ್ತದೆ. ಕಲ್ಯಾಣದ ಕ್ರಾಂತಿಯ ಬಳಿಕ ಶರಣರು ಚದುರಿಹೋದರು. ಬಸವಣ್ಣನವರು ಕೂಡಲಸಂಗಮದಲ್ಲಿ ಐಕ್ಯರಾದರು. ಚೆನ್ನಬಸವಣ್ಣನವರು ಶರಣರ ಒಂದು ತಂಡದೊಡನೆ ಉಳವಿಯತ್ತ ನಡೆದರು. ಕಟ್ಟಿದ್ದೆಲ್ಲವೂ ಕುಸಿದಂತೆ ಕಂಡ ಆ ಹೊತ್ತಿನಲ್ಲಿ ಅವರು ವಚನಗಳ ಕಟ್ಟುಗಳನ್ನು ಹೊತ್ತು ಸಾಗಿದರೆಂದು ಪರಂಪರೆ ನೆನೆಯುತ್ತದೆ. ಹದಿನೈದನೆಯ ಶತಮಾನದಲ್ಲಿ ವಿಜಯನಗರದ ಪ್ರೌಢದೇವರಾಯನ ಕಾಲಕ್ಕೆ ಆ ವಚನಗಳ ಸಂಗ್ರಹ, ಸಂಪಾದನೆಯ ಕಾರ್ಯ ಮತ್ತೆ ಚಿಗುರಿತು. ‘ಶೂನ್ಯಸಂಪಾದನೆ’ ಆ ಶತಮಾನದ ಫಲ. ಕಾಲಾಂತರದಲ್ಲಿ ಓಲೆಗರಿಗಳು ಮತ್ತೆ ಅಟ್ಟ ಸೇರಿದಾಗ, ವಿಜಯಪುರದಲ್ಲಿ ವಕೀಲರಾಗಿದ್ದ ಫ.ಗು. ಹಳಕಟ್ಟಿಯವರು (1880–1964) ಮನೆಮನೆ ತಿರುಗಿ ಅವುಗಳನ್ನು ಒಟ್ಟುಗೂಡಿಸಿದರು. 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗ ಪ್ರಕಟವಾಯಿತು, 1926ರಲ್ಲಿ ‘ಶಿವಾನುಭವ’ ಪತ್ರಿಕೆ ಆರಂಭವಾಯಿತು. ಮುದ್ರಣಾಲಯಕ್ಕಾಗಿ ಮನೆಯನ್ನೇ ಮಾರಿದ ಅವರು ಬಡತನದಲ್ಲಿಯೂ ಆ ಕಾಯಕವನ್ನು ಕೈಬಿಡಲಿಲ್ಲ. ಇಂದು ನಾವು ಓದುವ ವಚನಗಳು ಸಂಕಟವನ್ನು ಹಾದು ಬಂದವು.

ಇಲ್ಲಿ ಎರಡು ಎಚ್ಚರಿಕೆಗಳು ಅಗತ್ಯ. ಬಂದುದನ್ನು ಪ್ರಸಾದವೆಂದು ಸ್ವೀಕರಿಸುವುದೆಂದರೆ ಕೈಕಟ್ಟಿ ಕುಳಿತುಕೊಳ್ಳುವುದಲ್ಲ. ದೇಹಕ್ಕೆ ರೋಗ ಬಂದರೆ ವೈದ್ಯರಲ್ಲಿಗೆ ಹೋಗುವಂತೆಯೇ, ನಿದ್ದೆ ಬಾರದೆ, ಊಟ ಸೇರದೆ, ಬದುಕೇ ಬೇಡವೆನಿಸುವಷ್ಟು ಮನಸ್ಸು ಕುಸಿದಾಗಲೂ ತಡಮಾಡದೆ ಮನೋವೈದ್ಯರನ್ನು ಕಾಣಬೇಕು. ಅದು ಭಕ್ತಿಯ ಕೊರತೆಯಲ್ಲ. ಲಿಂಗವನ್ನು ಧರಿಸಿದ ಕಾಯವನ್ನು ಕಾಪಾಡಿಕೊಳ್ಳುವುದೂ ಪೂಜೆಯ ಒಂದು ಅಂಗ. ಇನ್ನೊಂದು, ನೊಂದವರಿಗೆ ಉಪದೇಶ ಹೇಳುವ ಅವಸರ ಬೇಡ. ‘ಎಲ್ಲ ಶಿವನಿಚ್ಛೆ’ ಎಂಬ ಮಾತು ನೊಂದವನ ಬಾಯಿಂದ ಬಂದಾಗ ಶರಣಾಗತಿ. ನೆರೆಯವನು ಹೇಳಿದಾಗ ಅದು ಗಾಯದ ಮೇಲಿನ ಬರೆಯಾಗಬಹುದು. ಸುಮ್ಮನೆ ಜೊತೆಗೆ ಕುಳಿತುಕೊಳ್ಳುವುದೇ ಕೆಲವೊಮ್ಮೆ ದೊಡ್ಡ ಸಾಂತ್ವನ.

ನಿಮ್ಮ ಓಣಿಯಲ್ಲಿ ಇತ್ತೀಚೆಗೆ ಸಂಕಟಕ್ಕೀಡಾದ ಮನೆಯೊಂದು ಇರಬಹುದು. ಮೊದಲ ದಿನಗಳಲ್ಲಿ ಬಂದವರೆಲ್ಲ ಹೊರಟುಹೋದ ಮೇಲೆ, ತಿಂಗಳು ಕಳೆದ ಮೇಲೆ, ಆ ಮನೆಯ ಮೌನ ಹೆಚ್ಚುತ್ತದೆ. ಆಗ ಹೋಗಿ ಬನ್ನಿ. ಅವರ ಮನೆಯ ನೀರನ್ನು ಕುಡಿಯಿರಿ, ಅವರೊಡನೆ ಕುಳಿತು ಉಣ್ಣಿರಿ, ಬಿತ್ತನೆಗೋ ಕೊಯ್ಲಿಗೋ ಒಂದು ದಿನ ಕೈಜೋಡಿಸಿ. ಸೂತಕವಿಲ್ಲವೆಂದ ಶರಣರ ಮಾತು ಆ ಮನೆಯ ಹೊಸ್ತಿಲನ್ನು ದಾಟಿ ಒಳಗೆ ಹೋದಾಗಲೇ ನಿಜವಾಗುತ್ತದೆ.