ಕಾಣುವ ಕಾಡು, ಕಾಣದ ಕಾಡು

ಬೋಟ್ಸ್‌ವಾನಾ ದೇಶದ ದುಡ್ಡಿನ ಹೆಸರು ‘ಪುಲಾ’. ಅಲ್ಲಿನ ಭಾಷೆಯಲ್ಲಿ ಹಾಗಂದರೆ ಮಳೆ. ವರ್ಷಕ್ಕೆ 250ರಿಂದ 650 ಮಿಲಿಮೀಟರ್ ಮಳೆ ಬೀಳುವ, ಬಹುಪಾಲು ಕಲಹಾರಿ ಮರಳೇ ತುಂಬಿದ ನಾಡಿಗೆ ಮಳೆಯೇ ಸಂಪತ್ತು. ನಮ್ಮ ಅಂಕೋಲಾದಲ್ಲಿ ಅದು 3,000 ಮಿಲಿಮೀಟರ್ ದಾಟುತ್ತೆ. ಜುಲೈನಲ್ಲಿ ಒಗೆದ ಬಟ್ಟೆ ಒಣಗಿದರೆ ಅದೇ ನಮಗೆ ಸಂಪತ್ತು!

ಸಫಾರಿ ಅಂದ್ರೆ ಆಫ್ರಿಕಾ ಅಂತ ಆಫೀಸಿನ ಗೆಳೆಯರು ಹೇಳ್ತಾರೆ. ಅದಕ್ಕೆ ಕಾರಣ ಭೂಗೋಳ. ಅಂಗೋಲಾದ (ಅಂಕೋಲಾ ಅಲ್ಲ!) ಎತ್ತರದ ನೆಲದಲ್ಲಿ ಬಿದ್ದ ಮಳೆ ಒಕವಾಂಗೊ ನದಿಯಾಗಿ ತಿಂಗಳುಗಟ್ಟಲೆ ಹರಿದು ಬೋಟ್ಸ್‌ವಾನಾಕ್ಕೆ ಬರುತ್ತೆ. ಅದು ಸಮುದ್ರ ಸೇರುವುದೇ ಇಲ್ಲ. ಮರಳಿನಲ್ಲಿ ಬೀಸಣಿಗೆಯಂತೆ ಹರಡಿ, ಇಂಗಿ, ಆವಿಯಾಗಿ ಮುಗಿಯುತ್ತೆ. ನೆರೆ ಉಕ್ಕುವುದೂ ಅಲ್ಲಿ ಮಳೆಯೇ ಇಲ್ಲದ ಜೂನ್‌ನಿಂದ ಆಗಸ್ಟ್‌ವರೆಗೆ. ಸುತ್ತಲೂ ಒಣಗಿದ ಬಯಲು, ನಡುವೆ ನೀರು. ಆನೆ, ಕಾಡೆಮ್ಮೆ, ಸಿಂಹ ಎಲ್ಲವೂ ಅಲ್ಲಿಗೇ ಬರಬೇಕು. ಹಾಗಾಗಿ ಪ್ರಾಣಿ ಕಣ್ಣಿಗೆ ಬೀಳುತ್ತೆ.

ನಮ್ಮ ಕಡೆ ಹಾಗಲ್ಲ. ಧಾರವಾಡದ ಹತ್ತಿರ ಹುಟ್ಟುವ ಬೇಡ್ತಿ ಮಾಗೋಡಿನಲ್ಲಿ ಧುಮುಕಿ, ಗಂಗಾವಳಿಯಾಗಿ ಅಂಕೋಲಾದಲ್ಲಿ ಕಡಲು ಸೇರುತ್ತೆ. ದಾರಿಯುದ್ದಕ್ಕೂ ದಟ್ಟ ಕಾಡು. ಎಲ್ಲೆಡೆ ನೀರು, ಎಲ್ಲೆಡೆ ಮರೆ. ಪ್ರಾಣಿ ಹತ್ತು ಅಡಿ ದೂರದಲ್ಲಿದ್ದರೂ ನಮಗೆ ಗೊತ್ತಾಗಲ್ಲ. ಕಾಣದ್ದಕ್ಕೆ ಬೆಲೆ ಕಟ್ಟುವುದೂ ಕಷ್ಟ.

ಮಂಗಟ್ಟೆಯನ್ನೇ ನೋಡಿ. ಬೋಟ್ಸ್‌ವಾನಾದಲ್ಲಿ ಹಳದಿ ಕೊಕ್ಕಿನ ಮಂಗಟ್ಟೆ ಸಫಾರಿ ಟೆಂಟಿನ ಪಕ್ಕದಲ್ಲೇ ಓಡಾಡುತ್ತೆ. ಇಲ್ಲಿನ ದೊಡ್ಡ ಮಂಗಟ್ಟೆ ಮರದ ತುದಿಯ ಹಕ್ಕಿ. ಆದರೆ ಎರಡರ ಸಂಸಾರವೂ ಒಂದೇ ಥರ. ಹೆಣ್ಣು ಮರದ ಪೊಟರೆಯೊಳಗೆ ಕೂತು ಬಾಗಿಲು ಮುಚ್ಚಿಕೊಳ್ಳುತ್ತೆ. ಗಂಡು ಸಣ್ಣ ಸೀಳಿನಿಂದ ಊಟ ಕೊಡುತ್ತೆ. ನಮ್ಮ ಮಂಗಟ್ಟೆಗೆ ಬೇಕಾಗುವಷ್ಟು ದೊಡ್ಡ ಪೊಟರೆ ಇರುವ ಮರ ಬೆಳೆಯೋಕೆ ಒಂದು ತಲೆಮಾರು ಸಾಲದು. 2011ರಲ್ಲಿ ಬೇಡ್ತಿ ಸಂರಕ್ಷಣಾ ಮೀಸಲು ಘೋಷಣೆಯಾಗಿದ್ದೂ ಇಂಥ ಮಂಗಟ್ಟೆಗಳಿಗಾಗಿ, ಜೊತೆಗೆ ಮರದರಿಶಿನ ಬಳ್ಳಿಗಾಗಿ.

ಈಗ ಹುಬ್ಬಳ್ಳಿ–ಅಂಕೋಲಾ ರೈಲಿನ ವಿಷಯಕ್ಕೆ ಬರೋಣ. 2020ರಲ್ಲಿ ರಾಜ್ಯ ವನ್ಯಜೀವಿ ಮಂಡಳಿ ಒಪ್ಪಿದಾಗ ಲೆಕ್ಕದಲ್ಲಿದ್ದ ಅರಣ್ಯ ಸುಮಾರು 595 ಹೆಕ್ಟೇರ್. ರೈಲು ಬೇಕು ಅನ್ನೋರ ಮಾತು ಸುಳ್ಳಲ್ಲ. ಊರಲ್ಲಿ ಕೆಲಸ ಸಿಕ್ಕಿದ್ದರೆ ನನ್ನಂಥ ಎಷ್ಟೋ ಜನ ಬೆಂಗಳೂರಿಗೆ ಹೋಗ್ತಿರಲಿಲ್ಲ. ಆದರೆ ಹೆಕ್ಟೇರ್ ಲೆಕ್ಕದಲ್ಲಿ ಪೊಟರೆ ಇರುವ ಹಳೇ ಮರ ಎಷ್ಟು ಅನ್ನೋದು ಕಾಣಲ್ಲ. ಬದಲಿಗೆ ಸಸಿ ನೆಟ್ಟರೆ ಮಂಗಟ್ಟೆ ಈ ವರ್ಷ ಎಲ್ಲಿ ಗೂಡು ಮಾಡಬೇಕು?

ಬೋಟ್ಸ್‌ವಾನಾಕ್ಕೆ ಖಂಡಿತ ಹೋಗಿ. ಅದಕ್ಕೂ ಮೊದಲು ಯಲ್ಲಾಪುರದಿಂದ ಅರಬೈಲ್ ಘಾಟಿ ಇಳಿಯುವಾಗ ಸುರಕ್ಷಿತ ಜಾಗ ನೋಡಿ ಗಾಡಿ ನಿಲ್ಲಿಸಿ, ಎಂಜಿನ್ ಆಫ್ ಮಾಡಿ. ದೊಡ್ಡ ಮಂಗಟ್ಟೆ ಹಾರಿದರೆ ರೆಕ್ಕೆಯ ಸದ್ದು ದೂರದಿಂದಲೇ ಕೇಳುತ್ತೆ. ನಮ್ಮ ಸಫಾರಿಗೆ ಕಣ್ಣಿಗಿಂತ ಮೊದಲು ಕಿವಿ ಬೇಕು.