ಗ್ಲಾಸಿನಲ್ಲಿ ಇಲ್ಲದ ವೋಡ್ಕಾ

ಚಟ ಹತ್ತಿದವನ ಬಾಯಿಗೆ ಒಂದು ಗುಟುಕು ಬಿದ್ದರೆ ಮುಗಿಯಿತು, ಆಮೇಲೆ ಅವನನ್ನು ಹಿಡಿಯುವವರಿಲ್ಲ. ಈ ಮಾತು ನಮ್ಮೂರುಗಳಲ್ಲೂ ಇದೆ. 1970ರ ಸುಮಾರಿಗೆ ಅಮೆರಿಕದಲ್ಲಿ ಅದು ವೈದ್ಯರ ನಂಬಿಕೆಯೂ ಆಗಿತ್ತು: ಮದ್ಯ ರಕ್ತ ಸೇರಿದೊಡನೆ ದೇಹವೇ ಇನ್ನಷ್ಟು ಬೇಡುತ್ತದೆ, ಅಲ್ಲಿ ಮನಸ್ಸಿನ ಆಟ ನಡೆಯುವುದಿಲ್ಲ.

ಅಲನ್ ಮಾರ್ಲಟ್ ಎಂಬ ಯುವ ಮನಶ್ಶಾಸ್ತ್ರಜ್ಞರು ಇದನ್ನು ಪರೀಕ್ಷೆಗೆ ಒಡ್ಡಿದರು. ಚಟವಿದ್ದು ಇನ್ನೂ ಕುಡಿಯುತ್ತಿದ್ದ 32 ಗಂಡಸರು, ಗೆಳೆಯರ ಜೊತೆ ಹಿತಮಿತವಾಗಿ ಕುಡಿಯುವ 32 ಮಂದಿ. ಪಾನೀಯದ ರುಚಿ ನೋಡಿ ಹೇಳಿ, ಎಷ್ಟು ಬೇಕಾದರೂ ಕುಡಿಯಿರಿ ಎಂದರು. ವೋಡ್ಕಾ ಆರಿಸಿದ್ದಕ್ಕೆ ಕಾರಣವಿತ್ತು. ಒಂದು ಪಾಲಿಗೆ ಐದು ಪಾಲು ಟಾನಿಕ್ (ಕಹಿರುಚಿಯ ಸೋಡಾ ಪಾನೀಯ) ಬೆರೆಸಿದರೆ ನಾಲಿಗೆಗೆ ಗುಟ್ಟು ಸಿಗುವುದಿಲ್ಲ. ಅರ್ಧ ಜನಕ್ಕೆ ‘ಇದು ವೋಡ್ಕಾ’ ಎಂದು ಹೇಳಿದರು, ಇನ್ನರ್ಧಕ್ಕೆ ‘ಬರೀ ಟಾನಿಕ್’ ಎಂದರು. ಆದರೆ ಎರಡೂ ಕಡೆ ಅರ್ಧದಷ್ಟು ಜನಕ್ಕೆ ಮಾತ್ರ ನಿಜವಾದ ವೋಡ್ಕಾ ಕೊಟ್ಟಿದ್ದರು.

1973ರಲ್ಲಿ ಪ್ರಕಟವಾದ ಫಲಿತಾಂಶ ಇಂದಿಗೂ ನನ್ನನ್ನು ಬೆರಗುಗೊಳಿಸುತ್ತದೆ. ವೋಡ್ಕಾ ಎಂದು ನಂಬಿದವರು, ಗ್ಲಾಸಿನಲ್ಲಿ ಬರೀ ಟಾನಿಕ್ ಇದ್ದರೂ, ಹೆಚ್ಚು ಹೆಚ್ಚು ಕುಡಿದರು. ಟಾನಿಕ್ ಎಂದು ನಂಬಿದವರು, ಹೊಟ್ಟೆಗೆ ನಿಜವಾದ ವೋಡ್ಕಾ ಇಳಿಯುತ್ತಿದ್ದರೂ, ಕಡಿಮೆಯಲ್ಲೇ ನಿಲ್ಲಿಸಿದರು. ಚಟವಿದ್ದವರಲ್ಲೂ ಇದೇ ಆಯಿತು. ಮುಂದಿನ ಗುಟುಕನ್ನು ಕರೆದದ್ದು ಮದ್ಯವಲ್ಲ, ಮದ್ಯ ಕುಡಿಯುತ್ತಿದ್ದೇನೆ ಎಂಬ ಎಣಿಕೆ.

ಇನ್ನೊಂದು ಪಾಠವನ್ನು ಮಾರ್ಲಟ್ ಸೋಲಿನಿಂದ ಕಲಿತರು. ಆಗ ಗ್ಲಾಸಿನ ಮೇಲೆ ಹೇಸಿಗೆ ಹುಟ್ಟಿಸಲು ವಿದ್ಯುತ್ ಆಘಾತ ಕೊಡುವ ಚಿಕಿತ್ಸೆ ಇತ್ತು. ಅದನ್ನು ಪಡೆದು ಮನೆಗೆ ಹೋದವರಲ್ಲಿ ಹಲವರು ಮತ್ತೆ ಕುಡಿದರು. ಅವರನ್ನು ಬೈದು ಕಳಿಸುವುದು ಸುಲಭವಿತ್ತು. ಮಾರ್ಲಟ್ ಕೂತು ಕೇಳಿದರು: ಆ ಮೊದಲ ಗ್ಲಾಸ್ ಎಲ್ಲಿ, ಯಾವ ಹೊತ್ತಿನಲ್ಲಿ, ಏನಾದ ಮೇಲೆ? ನುಂಗಿಕೊಂಡ ಸಿಟ್ಟು, ಬೇಸರ, ಮನೆಯ ಜಗಳ, ಗೆಳೆಯರ ಒತ್ತಾಯ ಎಂಬ ಕಾರಣಗಳೇ ಮತ್ತೆ ಮತ್ತೆ ಬಂದವು. ಅದಕ್ಕಿಂತ ಅಪಾಯದ್ದು ಮೊದಲ ಗ್ಲಾಸಿನ ನಂತರದ ಯೋಚನೆ: ‘ವ್ರತ ಕೆಟ್ಟೇ ಹೋಯಿತು, ನಾನು ಇಷ್ಟೇ, ಇನ್ನೇನು ಉಳಿದಿದೆ?’ ಎಡವಿದವನನ್ನು ಹಳ್ಳಕ್ಕೆ ತಳ್ಳುತ್ತಿದ್ದದ್ದು ಆ ಯೋಚನೆ.

ಯೋಚನೆಯೇ ತಳ್ಳುವುದಾದರೆ ಅದನ್ನು ಹಿಡಿದು ಪ್ರಶ್ನಿಸಬಹುದಲ್ಲ? ಫಿಲಡೆಲ್ಫಿಯಾದಲ್ಲಿ ಮನೋವೈದ್ಯ ಆರನ್ ಬೆಕ್ 1960ರ ದಶಕದಿಂದಲೇ ಖಿನ್ನತೆಯ ರೋಗಿಗಳೊಂದಿಗೆ ಈ ಕೆಲಸ ಮಾಡುತ್ತಿದ್ದರು. 1993ರಲ್ಲಿ ಅವರೂ ಸಹೋದ್ಯೋಗಿಗಳೂ ಅದನ್ನು ವ್ಯಸನಕ್ಕೆ ಒಗ್ಗಿಸಿ ಪುಸ್ತಕ ಬರೆದರು. ಅದಕ್ಕೂ ಮೊದಲು, 1985ರಲ್ಲಿ, ಮಾರ್ಲಟ್ ಮತ್ತು ಜುಡಿತ್ ಗಾರ್ಡನ್ ಮರಳಿ ಬೀಳುವುದನ್ನು ತಡೆಯುವ ಬಗೆಯನ್ನೇ ಒಂದು ಗ್ರಂಥ ಮಾಡಿದ್ದರು. ಅಪಾಯದ ಹೊತ್ತನ್ನು ಮುಂಚೆಯೇ ಗುರುತಿಸುವುದು, ಬೇಡ ಎನ್ನುವುದನ್ನು ಬಾಯಿಬಿಟ್ಟು ಅಭ್ಯಾಸ ಮಾಡುವುದು, ಎಡವಿದರೆ ಅಲ್ಲೇ ನಿಲ್ಲುವುದು.

ಕುಡಿಯಬೇಕೆಂಬ ತುಡಿತವನ್ನು ಮಾರ್ಲಟ್ ಕಡಲಿನ ಅಲೆಗೆ ಹೋಲಿಸುತ್ತಿದ್ದರು. ಅದು ಏಳುತ್ತದೆ, ತುದಿ ಮುಟ್ಟುತ್ತದೆ, ತಾನಾಗಿ ಇಳಿಯುತ್ತದೆ. ಇಳಿಯುವವರೆಗೆ ಅದರ ಬೆನ್ನ ಮೇಲೆ ಕೂತಿರುವುದನ್ನು ಅವರು ರೋಗಿಗಳಿಗೆ ಕಲಿಸಿದರು.